ಹಿಟ್ಟಿನ ಬಿಸಿ: ನಮ್ಮ ಕೇರಿಯ ಚಳಿಗಾಲದ ಊಟದ ಚರಿತ್ರೆ



ಈ ಸಂಚಿಕೆಗೆ ಏನಾದರೂ ಚರಿತ್ರೆ ಬರೆದುಕೊಡು ಅಂತ ಸಂಘದ ಅಣ್ಣಂದಿರು ಕೇಳಿದಾಗ ನನಗೆ ಮೊದಲು ಹೊಳೆದದ್ದು ರಾಜರು, ಕೋಟೆಗಳು. ಬಿ.ಎ. ಚರಿತ್ರೆ ಓದೋ ಹುಡುಗ ಅಂದ ಮೇಲೆ ಅದನ್ನೇ ಬರೀಬೇಕು ಅಂದುಕೊಂಡಿದ್ದೆ. ಆದರೆ ವಾರ್ಷಿಕೋತ್ಸವದ ಊಟದ ವಿಷಯಕ್ಕೆ ಕರೆದ ಮೀಟಿಂಗಿನಲ್ಲಿ ನಡೆದ ಒಂದು ಮಾತು ನನ್ನ ಮನಸ್ಸು ಬದಲಾಯಿಸಿತು. "ಮಾರ್ಗಳಿ ಚಳಿ, ಕಾರ್ಯಕ್ರಮ ರಾತ್ರಿ ಹೊತ್ತು. ಬಿಸಿ ಹಿಟ್ಟು, ಅವರೆಕಾಳು ಸಾರು ಮಾಡೋಣ" ಅಂತ ಒಬ್ಬ ಅಕ್ಕ ಅಂದರು. ತಕ್ಷಣ ಇನ್ನೊಬ್ಬರು, "ಹೊರಗಿಂದ ದೊಡ್ಡ ದೊಡ್ಡೋರು ಬರ್ತಾರೆ. ಹಿಟ್ಟು ಹಾಕಿದ್ರೆ ಏನಂದುಕೊಳ್ತಾರೆ? ಬಿರಿಯಾನಿ ಇಲ್ಲ ಅನ್ನ ಸಾಂಬಾರು ಇರಲಿ" ಅಂದರು. ಯಾರೂ ಎದುರು ಮಾತಾಡಲಿಲ್ಲ. ನಾನೂ ಸುಮ್ಮನಿದ್ದೆ. ಅಲ್ಲಿ ಕೂತಿದ್ದವರಲ್ಲಿ ಮುಕ್ಕಾಲು ಪಾಲು ಜನ ಮನೇಲಿ ಹಿಟ್ಟು ಉಂಡು ಬಂದವರೇ.

ಮನೆಗೆ ಬಂದು ಅಜ್ಜಿಗೆ ಇದನ್ನ ಹೇಳಿದೆ. ಅಜ್ಜಿ ಒಲೆ ಮುಂದೆ ಕೂತು ಕೈ ಕಾಯಿಸಿಕೊಳ್ಳುತ್ತಿದ್ದಳು. "ನಾಚಿಕೆ ಪಡಬೇಕಾದ್ದು ಹಿಟ್ಟಲ್ಲ ಮಗ, ಅದನ್ನ ಅಳೆದು ಕೊಟ್ಟ ಕೈ" ಅಂದಳು. ಆ ಒಂದು ಮಾತಿನ ಅರ್ಥ ಹುಡುಕುತ್ತಾ ಹೋಗಿ ಬರೆದದ್ದು ಈ ಲೇಖನ. ನೀವು ಓದಿ, ನಿಮ್ಮ ಮನೆಯ ಹಿರಿಯರಿಗೂ ಓದಿ ಹೇಳಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ.

ಒಂದೇ ಗುಡಿಸಲು, ಎರಡು ಜಿಲ್ಲೆ

ಮೊದಲು ನಮ್ಮ ನೆಲದ ವಿಷಯ. ನಮ್ಮೂರು ಪೆನ್ನಾಗರಂ ಕಡೆಯ ಕಾಡಂಚಿನ ಊರು. ಅಜ್ಜಿ ಹುಟ್ಟಿದ್ದು ಸೇಲಂ ಜಿಲ್ಲೆಯಲ್ಲಿ, ಚಿಕ್ಕತಾತ ಹುಟ್ಟಿದ್ದೂ ಸೇಲಂ ಜಿಲ್ಲೆಯಲ್ಲಿ, ಅಪ್ಪ ಹುಟ್ಟಿದ್ದು ಧರ್ಮಪುರಿ ಜಿಲ್ಲೆಯಲ್ಲಿ. ಆದರೆ ಚಿಕ್ಕತಾತ ಹುಟ್ಟಿದ ಗುಡಿಸಲಲ್ಲೇ ಅಪ್ಪನೂ ಹುಟ್ಟಿದ್ದು. 1965ರಲ್ಲಿ ಸೇಲಂ ಒಡೆದು ಧರ್ಮಪುರಿ ಜಿಲ್ಲೆ ಆಯಿತು. 2004ರಲ್ಲಿ ಧರ್ಮಪುರಿ ಒಡೆದು ಕೃಷ್ಣಗಿರಿ ಆಯಿತು. ಹೊಸೂರು, ಡೆಂಕಣಿಕೋಟೆ, ತಳಿ ಕಡೆಯ ನಮ್ಮ ನೆಂಟರೆಲ್ಲ ಆ ಕಡೆ ಹೋದರು. ಅದಕ್ಕೇ ನಾನು "ನಮ್ಮ ಸೀಮೆ" ಅಂದರೆ ಈ ಹಳೇ ಸೇಲಂ ಜಿಲ್ಲೆ ಪೂರ್ತಿ ಅಂತ ತಿಳಿಯಿರಿ.

ಈ ಸೀಮೇಲಿ ಕನ್ನಡ ನಿನ್ನೆ ಮೊನ್ನೆ ಬಂದದ್ದಲ್ಲ. ಧರ್ಮಪುರಿಯಲ್ಲೇ ಒಂಬತ್ತನೇ ಶತಮಾನದ ನೊಳಂಬ ಅರಸರ ಕನ್ನಡ ಶಾಸನ ಸಿಕ್ಕಿದೆ. ಹೊಗೇನಕಲ್ ಅನ್ನೋ ಹೆಸರೇ ಕನ್ನಡ. ಕಲ್ಲಿಂದ ಹೊಗೆ ಎದ್ದ ಹಾಗೆ ನೀರು ಚಿಮ್ಮುವ ಜಾಗ ಅದು. ನಮ್ಮ ಕೇರಿಗಳಲ್ಲಿ ಸರ್ಕಾರದ ಕಾಗದದ ಮೇಲೆ ಅರುಂಧತಿಯರ್ ಅಂತಲೋ ಆದಿ ದ್ರಾವಿಡ ಅಂತಲೋ ಬರೆಸಿಕೊಂಡು, ಸ್ಕೂಲಲ್ಲಿ ತಮಿಳು ಓದಿ, ಒಲೆ ಮುಂದೆ ಕನ್ನಡ ಮಾತಾಡುವ ಮನೆಗಳು ಎಷ್ಟೋ ಇವೆ. ನಮ್ಮ ಭಾಷೆ ಉಳಿದಿರೋದೇ ಒಲೆ ಮುಂದೆ. ಹಂಗಾಗಿ ಊಟದ ಚರಿತ್ರೆ ನಮಗೆ ಭಾಷೆಯ ಚರಿತ್ರೆಯೂ ಹೌದು.

"ತಮಿಳುನಾಡಲ್ಲಿ ಎಂಥ ಚಳಿ?" ಅಂತ ಕೆಲವರು ನಗಬಹುದು. ಏರ್ಕಾಡು ಬೆಟ್ಟ ಸುಮಾರು 1,500 ಮೀಟರ್ ಎತ್ತರ, ಹೊಸೂರು ಸೀಮೆ ಸುಮಾರು 900 ಮೀಟರ್. ಮಾರ್ಗಳಿ ಬೆಳಗ್ಗೆ ಅಲ್ಲಿ ಮಂಜಿನಲ್ಲಿ ಎದುರಿಗಿರೋರು ಕಾಣೋದಿಲ್ಲ. ನಮ್ಮ ಬಯಲಲ್ಲಿ ಅಷ್ಟಿಲ್ಲ. ಆದರೂ ಚಳಿ ಅಂದರೆ ಬರೀ ಥರ್ಮಾಮೀಟರ್ ಲೆಕ್ಕ ಅಲ್ಲ. ಹೊದಿಯೋಕೆ ಕಂಬಳಿ ಇದ್ದೋನ ಚಳಿ ಬೇರೆ, ಗೋಣಿಚೀಲ ಹೊದ್ದೋನ ಚಳಿ ಬೇರೆ.

ಚಳಿಗೆ ಏನುಣ್ಣುತ್ತಿದ್ದೆವು

ರಾಗಿ ಹೊಲದಿಂದ ಮನೆಗೆ ಬರೋದೇ ಚಳಿ ಶುರುವಾಗೋ ಹೊತ್ತಿಗೆ, ಕಾರ್ತಿಕ ಮಾಸದ ಆಚೀಚೆ. ರಾಗಿ ಜೊತೆ ಅಕ್ಕಡಿ ಸಾಲಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಬಿತ್ತುತ್ತಾರೆ. ರಾಗಿ ಕೊಯ್ದ ಮೇಲೂ ಅವರೆ ಹೊಲದಲ್ಲಿ ನಿಂತು ಮಂಜು ಕುಡಿದು ಕಾಯಿ ಬಿಡುತ್ತದೆ. ಮಂಜು ಬಿದ್ದಷ್ಟೂ ಸೊಗಡು ಜಾಸ್ತಿ. ಹಂಗಾಗಿ ನಮ್ಮ ಚಳಿಗಾಲದ ಊಟವನ್ನ ಯಾರೂ ಆರಿಸಿಕೊಂಡದ್ದಲ್ಲ. ಆಗ ಹೊಲದಲ್ಲಿ ಏನಿತ್ತೋ ಅದೇ ಊಟ.

ತಮಿಳಲ್ಲಿ ಕಳಿ ಅಂತಾರೆ, ಪುಸ್ತಕದ ಕನ್ನಡದಲ್ಲಿ ರಾಗಿಮುದ್ದೆ ಅಂತಾರೆ. ನಮ್ಮ ಮನೇಲಿ ಅದಕ್ಕೆ ಬರೀ ಹಿಟ್ಟು. "ಹಿಟ್ಟಾಯ್ತಾ?" ಅಂದರೆ ಊಟ ಆಯ್ತಾ ಅಂತ. ಎಸರಿಗೆ ಒಂದು ಹಿಡಿ ಅಕ್ಕಿನುಚ್ಚು ಹಾಕಿ ಬೇಯಿಸಿ, ಮೇಲೆ ರಾಗಿಹಿಟ್ಟು ಸುರಿದು, ಕಲಕದೆ ಬೇಯಲು ಬಿಡಬೇಕು. ಆಮೇಲೆ ಮಡಕೆಯನ್ನ ಕಾಲಲ್ಲಿ ಒತ್ತಿ ಹಿಡಿದು ಕೋಲಲ್ಲಿ ತೊಳಸಬೇಕು. ಗಂಟು ಉಳಿಯಬಾರದು. ಅದನ್ನ ಅಗಿಯೋ ಹಾಗಿಲ್ಲ, ಸಾರಲ್ಲಿ ಅದ್ದಿ ನುಂಗಬೇಕು. ಗಂಟಲಿಂದ ಹೊಟ್ಟೆತನಕ ಬಿಸಿ ಇಳಿಯೋದು ಗೊತ್ತಾಗುತ್ತದೆ. ನಿಧಾನ ಕರಗುವುದರಿಂದ ಮತ್ತೆ ಹಸಿವಾಗೋಕೆ ಹೊತ್ತು ಹಿಡಿಯುತ್ತದೆ. ಮೈಮುರಿದು ದುಡಿಯೋರಿಗೆ ಬೇಕಾದ್ದೂ ಅದೇ.

ಸಾರಿನ ಲೆಕ್ಕ ದೊಡ್ಡದು. ಹುರುಳಿ ಬೇಯಿಸಿದ ಕಟ್ಟಿನ ಸಾರು, ಹಿತಕಿದ ಅವರೆಬೇಳೆ ಸಾರು, ಸೊಪ್ಪಿನ ಬಸ್ಸಾರು. ಏನೂ ಇಲ್ಲದ ದಿನ ಉಪ್ಪು, ಮೆಣಸಿನಕಾಯಿ, ಹುಣಿಸೆಹಣ್ಣಿನ ಸಾರು. ಹುಚ್ಚೆಳ್ಳು ಹುರಿದು ಕುಟ್ಟಿದ ಚಟ್ನಿ. ನೆಗಡಿ ಹಿಡಿದರೆ ಹಳ್ಳದ ಏಡಿ ಹಿಡಿದು, ಜಜ್ಜಿ, ಮೆಣಸು ಬೆಳ್ಳುಳ್ಳಿ ಹಾಕಿ ಕಾಯಿಸಿದ ಸಾರು. ಐಪ್ಪಸಿ, ಕಾರ್ತಿಕದ ಜಡಿಮಳೇಲಿ ಕೂಲಿ ಸಿಗದ ದಿನಗಳಿಗೆ ಒಲೆಯ ಮೇಲೆ ಹಗ್ಗಕ್ಕೆ ನೇತುಹಾಕಿದ ಒಣಬಾಡು ಇರುತ್ತಿತ್ತು. ತಮಿಳರು ಅದನ್ನ ಉಪ್ಪುಕಂಡಂ ಅಂತಾರೆ. ದನದ ಬಾಡಿಗೆ ಉಪ್ಪು, ಅರಿಶಿನ ಸವರಿ, ಉದ್ದಕ್ಕೆ ಸೀಳಿ ಒಣಗಿಸಿದ್ದು. ನಾಲ್ಕು ತುಂಡು ಹುರುಳಿ ಸಾರಿಗೆ ಬಿದ್ದರೆ ಇಡೀ ಕೇರಿಗೆ ಘಮ. ಇದನ್ನ ಬರೆಯುವಾಗ ನನ್ನ ಕೈ ಒಂದು ಕ್ಷಣ ನಿಂತಿತು ಅನ್ನೋದನ್ನ ಮುಚ್ಚಿಡೋದಿಲ್ಲ. ಆದರೆ ಬರೆಯದೆ ಬಿಟ್ಟರೆ ಅದು ಚರಿತ್ರೆ ಆಗೋದಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಬಾಯಲ್ಲಿ ನೀರೂರಿಸುವ ಲೇಖನ ಆಗುತ್ತಿತ್ತು. ಆದರೆ ಈ ರಾಗಿ ನಮ್ಮ ಮಡಕೆಗೆ ಬರ್ತಿದ್ದದ್ದು ಹೇಗೆ ಅಂತ ಕೇಳಿದರೆ ಕಥೆ ಬೇರೆ.

ರಾಗಿ ಜೈಲಿಗೆ ಹೋದ ಕಥೆ

ಹದಿನಾರನೇ ಶತಮಾನದಲ್ಲಿ ಕನಕದಾಸರು "ರಾಮಧಾನ್ಯ ಚರಿತೆ" ಅಂತ ಒಂದು ಕಾವ್ಯ ಬರೆದರು. ಅದರಲ್ಲಿ ಅಕ್ಕಿಗೂ ರಾಗಿಗೂ ಜಗಳ. ಧಾನ್ಯಗಳಲ್ಲಿ ರಾಗಿ ಶ್ರೇಷ್ಠ ಅಂತ ಗೌತಮ ಮುನಿ ಹೇಳಿದ್ದಕ್ಕೆ ಅಕ್ಕಿಗೆ ಸಿಟ್ಟು ಬರುತ್ತದೆ. ನೀನು ಕೀಳು ಜನ ತಿನ್ನೋ ಕಾಳು ಅಂತ ಹೀಯಾಳಿಸುತ್ತದೆ. ನಿನಗೆ ಉಳ್ಳವರು ಬೇಕು, ಬಡವರು ಬೇಡ ಅಂತ ರಾಗಿ ತಿರುಗಿ ಕೇಳುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ಹೊರಗೆ ತೆಗೆದಾಗ ಅಕ್ಕಿ ಸೊರಗಿರುತ್ತದೆ, ರಾಗಿ ಹಾಗೇ ಗಟ್ಟಿಯಾಗಿರುತ್ತದೆ. ರಾಮ ತನ್ನ ರಾಘವ ಅನ್ನೋ ಹೆಸರನ್ನೇ ಅದಕ್ಕೆ ಕೊಡುತ್ತಾನೆ.

ಇದರಲ್ಲಿ ಎರಡು ವಿಷಯ ಗಮನಿಸಿ. ಒಂದು, ರಾಗಿ ಕೆಡದೆ ಉಳಿಯುತ್ತದೆ ಅನ್ನೋದು ನಿಜ. ನೆಲದಲ್ಲಿ ಹಗೇವು ತೋಡಿ ತುಂಬಿಟ್ಟರೆ ವರ್ಷಗಟ್ಟಲೆ ಹುಳ ಬೀಳೋದಿಲ್ಲ. ಎರಡನೇದು, ಊಟದಲ್ಲಿ ಮೇಲು ಕೀಳು ಅನ್ನೋದು ಐದು ನೂರು ವರ್ಷದ ಹಿಂದೆಯೇ ಇತ್ತು, ಅದನ್ನ ಪ್ರಶ್ನೆ ಮಾಡೋರೂ ಆಗಲೇ ಇದ್ದರು.

ರಾಗಿ ಆಮೇಲೂ ಜೈಲಿಗೆ ಹೋಯಿತು. ಬ್ರಿಟಿಷರ ಕಾಲದಲ್ಲಿ ನಮ್ಮ ಕಡೆ ಜೈಲುಗಳಲ್ಲಿ ಕೈದಿಗಳಿಗೆ ರಾಗಿಯನ್ನೇ ಹಾಕುತ್ತಿದ್ದರು. ಅದಕ್ಕೇ ಈಗಲೂ ತಮಿಳಲ್ಲಿ "ಕಳಿ ತಿನ್ನೋಕೆ ಹೋಗ್ತೀಯಾ?" ಅಂದರೆ ಜೈಲಿಗೆ ಹೋಗ್ತೀಯಾ ಅಂತ ಅರ್ಥ. ಕನ್ನಡದಲ್ಲೂ "ಜೈಲಲ್ಲಿ ಮುದ್ದೆ ಮುರೀತಾನೆ" ಅಂತಾರೆ. ಮೀಟಿಂಗಲ್ಲಿ ನಮ್ಮ ಬಾಯಿ ಕಟ್ಟಿಹಾಕಿದ ನಾಚಿಕೆಯ ಹಿಂದೆ ಈ ಬೈಗುಳವೂ ಇದೆ.

ಕಣದಲ್ಲಿ ಅಳತೆ

1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದ ಪ್ರಕಾರ ಟಿಪ್ಪು ಸುಲ್ತಾನರು ಸೇಲಂ ಮತ್ತು ಬಾರಾಮಹಲ್ ಸೀಮೆಯನ್ನ ಕಂಪನಿಗೆ ಬಿಟ್ಟುಕೊಟ್ಟರು. ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಇಲ್ಲಿ ಅಧಿಕಾರಿ ಆದ. ಅವನ ಸಹಾಯಕರಲ್ಲಿ ಒಬ್ಬ ಥಾಮಸ್ ಮನ್ರೋ, ಧರ್ಮಪುರಿಯಲ್ಲೇ ಇದ್ದು ಕೆಲಸ ಮಾಡಿದ. ಹೊಲ ಹೊಲವನ್ನೂ ಅಳೆದು, ಜಮೀನ್ದಾರ ಇಲ್ಲದೆ ನೇರವಾಗಿ ರೈತನಿಂದಲೇ ಕಂದಾಯ ತೆಗೆದುಕೊಳ್ಳುವ ರೈತವಾರಿ ಪದ್ಧತಿ ಶುರುವಾದದ್ದು ಇಲ್ಲೇ. ನಮ್ಮ ಪಠ್ಯದಲ್ಲಿ ಇದಕ್ಕೆ ಒಂದು ಪಾಠವೇ ಇದೆ. ಆದರೆ ನೇಗಿಲು ಹಿಡಿದು ನಿಜವಾಗಿ ಉತ್ತ ಜೀತದಾಳು ಅವರ ಲೆಕ್ಕದಲ್ಲಿ ರೈತ ಆಗಿರಲಿಲ್ಲ. ಹೊಲ ಅಳೆದರು, ಪಟ್ಟಾ ಬರೆದರು, ನಮ್ಮ ಹಿರಿಯರ ಪಾಲಿಗೆ ಉಳಿದದ್ದು ಕಣದಲ್ಲಿ ಅಳೆದು ಕೊಡುವ ಕಾಳು.

ಆ ಕಾಳು ಬರ್ತಿದ್ದದ್ದು ಯಾತಕ್ಕೆ? ಕಪಿಲೆಗೆ. ಬಾವಿಯಿಂದ ಎತ್ತು ಕಟ್ಟಿ ನೀರೆತ್ತುವ ಕಪಿಲೆಯ ಚರ್ಮದ ಬಾನಿ ಹೊಲಿಯೋದು, ಹರಿದರೆ ತೇಪೆ ಹಾಕೋದು, ಮಿಣಿ ಮಾಡೋದು, ಚಪ್ಪಲಿ ಹೊಲಿಯೋದು ನಮ್ಮೋರ ಕೆಲಸ. ಆ ಬಾನಿ ಇಲ್ಲದೆ ಈ ಸೀಮೆಯ ಬಾವಿ ಬೇಸಾಯವೇ ಇಲ್ಲ. ಇದಕ್ಕೆ ಕೂಲಿ ವರ್ಷಕ್ಕೊಂದು ಸಲ, ಸುಗ್ಗಿಯಲ್ಲಿ, ಒಕ್ಕಣೆ ಆದ ಮೇಲೆ. ಅಜ್ಜಿ ಹೇಳುವ ಪ್ರಕಾರ ಅವರಪ್ಪ ಕಣದ ಅಂಚಿನಲ್ಲಿ ಟವಲ್ಲು ಸೊಂಟಕ್ಕೆ ಕಟ್ಟಿಕೊಂಡು ನಿಲ್ಲಬೇಕಿತ್ತು. ಮನೆಗೆ ರಾಶಿ ಎತ್ತಿಕೊಂಡ ಮೇಲೆ ಯಜಮಾನರು ಕೊಳಗದಲ್ಲಿ ಅಳೆದು ಸುರಿಯೋರು. ಮನೆಗೆ ಅಳೆಯುವಾಗ ಕೊಳಗಕ್ಕೆ ಗೋಪುರ ಬರುವ ಹಾಗೆ ತುಂಬೋರು, ಇವರಿಗೆ ಅಳೆಯುವಾಗ ಕೈಯಿಂದ ಸವರಿ ಮಟ್ಟ ಮಾಡೋರು. ಕಣ ಗುಡಿಸಿದ ಕಾಳು, ಮಣ್ಣಿನ ಸಮೇತ, ಹೆಂಗಸರಿಗೆ.

ನೋಡಿ, ಚಳಿಗಾಲದ ನಮ್ಮ ಸುಖದ ಊಟದ ಬುಡ ಇಲ್ಲಿದೆ. ಮಾರ್ಗಳಿ, ತೈ ತಿಂಗಳಲ್ಲಿ ಹೊಟ್ಟೆ ತುಂಬ ಹಿಟ್ಟು ಉಂಡ ನೆನಪು ಅಜ್ಜಿಗೆ ಅಷ್ಟು ಸಿಹಿ ಯಾಕೆ ಅಂದರೆ, ವರ್ಷದ ಕೂಲಿ ಕೈಗೆ ಬರ್ತಿದ್ದದ್ದು ಆಗ ಮಾತ್ರ. ಚಿತ್ರೆ, ವೈಕಾಸಿ ಹೊತ್ತಿಗೆ ಮಡಕೆ ಬರಿದು. ಆಮೇಲೆ ಅಂಬಲಿ ನೀರಾಗುತ್ತದೆ, ಗೆಡ್ಡೆ ಗೆಣಸು, ಸಾಲ. ಸಾಲ ತೀರಿಸೋಕೆ ಮತ್ತೆ ಜೀತ.

ಈ ಜಾಲದಿಂದ ಬಿಡಿಸಬೇಕಾದರೆ ಭೂಮಿ ಕೊಡಬೇಕು ಅನ್ನೋದು ಅಂದಿನ ಕೆಲವು ಅಧಿಕಾರಿಗಳಿಗೂ ಗೊತ್ತಾಯಿತು. ಚೆಂಗಲ್ಪಟ್ಟಿನ ಕಲೆಕ್ಟರ್ ಟ್ರೆಮೆನ್‌ಹೀರ್ 1891ರಲ್ಲಿ ಪರಯರ ಸ್ಥಿತಿ ಬಗ್ಗೆ ವರದಿ ಬರೆದ. 1892ರಲ್ಲಿ ಮದ್ರಾಸ್ ಸರ್ಕಾರ ನಮ್ಮ ಜನಕ್ಕೆ ಜಮೀನು ಕೊಡುವ ಆದೇಶ ಮಾಡಿತು. ಪಂಚಮಿ ಭೂಮಿ ಅನ್ನೋದು ಅದನ್ನೇ. ಅದರಲ್ಲಿ ಎಷ್ಟೋ ಭೂಮಿ ಬೇರೆಯವರ ಕೈಗೆ ಹೋಗಿ, ಅದನ್ನ ವಾಪಸ್ ಕೇಳುವ ಹೋರಾಟ ಇವತ್ತಿಗೂ ನಡೀತಿದೆ.

ಜೈಲಿಗಿಂತ ಕಡಿಮೆ

ಆ ಆದೇಶಕ್ಕೂ ಹದಿನೈದು ವರ್ಷ ಮೊದಲು ಅಳತೆ ಎಷ್ಟು ಕ್ರೂರ ಆಗಬಹುದು ಅಂತ ನಮ್ಮ ಸೀಮೆ ಕಂಡಿತ್ತು. 1876ರಲ್ಲಿ ಮಳೆ ಕೈಕೊಟ್ಟಿತು. 1876-78ರ ಬರದಲ್ಲಿ ಮದ್ರಾಸ್ ಪ್ರಾಂತ್ಯ, ಮೈಸೂರು ಎರಡೂ ಬೆಂದವು. ಸೇಲಂ ಮೇಲೆ ರೈಲು ಆಗಲೇ ಓಡುತ್ತಿತ್ತು. ರೈಲಲ್ಲಿ ಧಾನ್ಯ ಬಂದರೂ ಕೊಳ್ಳೋಕೆ ಕೂಲಿಯವರ ಹತ್ತಿರ ಕಾಸು ಇರಲಿಲ್ಲ. ಮೊದಲು ಬಿದ್ದವರು ಭೂಮಿ ಇಲ್ಲದ ಆಳುಗಳು, ನೇಕಾರರು, ಚರ್ಮದ ಕೆಲಸದವರು.

ಬರ ಪರಿಹಾರದ ಕೆಲಸಕ್ಕೆ ಹೋದವರಿಗೆ ಮೊದಲು ದಿನಕ್ಕೆ ಒಂದೂವರೆ ಪೌಂಡ್ ಧಾನ್ಯದ ಲೆಕ್ಕ ಇತ್ತು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಬಂದು ಅದನ್ನ ಗಂಡಾಳಿಗೆ ಒಂದು ಪೌಂಡ್ ಧಾನ್ಯ, ಒಂದು ಆಣೆಗೆ ಇಳಿಸಿದ. ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ, ದಿನವಿಡೀ ಕಲ್ಲು ಒಡೆದು ಮಣ್ಣು ಹೊರುವವರಿಗೆ. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾಕ್ಟರ್ ಕಾರ್ನಿಷ್ ಇದನ್ನ ವಿರೋಧಿಸಿದ. ಜೈಲಿನ ಕೈದಿಗೆ ಸಿಗುವ ಊಟಕ್ಕಿಂತ ಇದು ಕಡಿಮೆ ಅಂತ ತೋರಿಸಿದ. ಕೆಲವು ತಿಂಗಳಾದ ಮೇಲೆ ಕೂಲಿ ಮತ್ತೆ ಏರಿಸಿದರು. ಅಷ್ಟರಲ್ಲಿ ಹೋಗಬೇಕಾದ ಜೀವ ಹೋಗಿದ್ದವು. 1871ರ ಜನಗಣತಿಯಲ್ಲಿ ಸೇಲಂ ಜಿಲ್ಲೆಯಲ್ಲಿ ಸುಮಾರು 19 ಲಕ್ಷ 67 ಸಾವಿರ ಜನ ಇದ್ದರು. 1881ರಲ್ಲಿ ಸುಮಾರು 16 ಲಕ್ಷ. ಸತ್ತವರು, ಊರು ಬಿಟ್ಟವರು, ಹುಟ್ಟದೇ ಹೋದ ಮಕ್ಕಳು ಎಲ್ಲಾ ಸೇರಿ ಮೂರೂವರೆ ಲಕ್ಷಕ್ಕೂ ಹೆಚ್ಚಿನ ಕೊರತೆ.

"ಕಳಿ ತಿನ್ನೋಕೆ ಹೋಗ್ತೀಯಾ" ಅಂತ ನಗುವವರು ಇದನ್ನ ತಿಳಿಯಬೇಕು. ತಪ್ಪು ಮಾಡದೆ ದುಡಿದವನಿಗೆ ತಪ್ಪು ಮಾಡಿದವನಷ್ಟೂ ರಾಗಿ ಸಿಗದ ಕಾಲವೂ ಇಲ್ಲಿ ಇತ್ತು.

ಸಂಜೆಯ ಕೂಳು

ಹಿಟ್ಟು ಮಾತ್ರ ಅಲ್ಲ, ಇನ್ನೊಂದು ಊಟವೂ ಇತ್ತು. ಜೀತದ ಮನೆಗಳ ಹೆಂಗಸರು ಸಂಜೆ ಮಡಕೆ ಹಿಡಿದು ಯಜಮಾನರ ಮನೆಯ ಹಿತ್ತಲ ಬಾಗಿಲಲ್ಲಿ ನಿಲ್ಲೋರು. ಉಳಿದ ಕೂಳು, ಹಳಸಿದ ಸಾರು ಮೇಲಿಂದ ಸುರಿಯೋರು. ಅಜ್ಜಿ ಏಳೆಂಟು ವರ್ಷದ ಹುಡುಗಿಯಾಗಿದ್ದಾಗ ಅವ್ವನ ಜೊತೆ ಹೋಗುತ್ತಿದ್ದಳಂತೆ. "ಚಳೀಲಿ ನಿಂತು ನಿಂತು ಕಾಲು ಜೋಮು ಹಿಡಿಯೋದು. ಕೂಳು ತಣ್ಣಗೆ ಕಲ್ಲಾಗಿರೋದು" ಅಂತಾಳೆ. ಅದನ್ನ ಮನೆಗೆ ತಂದು ಬಿಸಿ ಮಾಡಿ ತಿಂದರೂ ಆ ತಣ್ಣಗಿನದು ಹೋಗುತ್ತಿರಲಿಲ್ಲವಂತೆ.

1927ರಲ್ಲಿ ಮಹಾಡ್ ಸಮ್ಮೇಳನದಲ್ಲಿ ಬಾಬಾಸಾಹೇಬರು ನಮ್ಮ ಜನಕ್ಕೆ ಹೇಳಿದ ಮಾತುಗಳಲ್ಲಿ ಮುಖ್ಯವಾದದ್ದು ಇದೇ: ಸತ್ತ ದನದ ಬಾಡು ಬಿಡಿ, ಎಸೆದ ಎಂಜಲು ಬಿಡಿ. ಇದನ್ನ ಕೆಲವರು ಊಟದ ಶುಚಿಯ ಮಾತು ಅಂತ ಮಾತ್ರ ತಿಳಿದಿದ್ದಾರೆ. ನನಗೆ ತಿಳಿದ ಮಟ್ಟಿಗೆ ಅದು ಕೂಲಿಯ ಮಾತು, ಮಾನದ ಮಾತು. ದುಡಿದದ್ದಕ್ಕೆ ಕೂಲಿ ಕೇಳು, ಭಿಕ್ಷೆ ತಗೋಬೇಡ ಅನ್ನೋದು. ನಾವು ಬಿಡಬೇಕಾದದ್ದು ಹಿತ್ತಲ ಬಾಗಿಲನ್ನ. ನಮ್ಮ ಒಲೆಯ ಮೇಲೆ ನಾವೇ ಬೇಯಿಸಿದ ಹಿಟ್ಟನ್ನಾಗಲಿ, ಬಾಡನ್ನಾಗಲಿ ನೋಡಿ ತಲೆ ತಗ್ಗಿಸಿ ಅಂತ ಅವರು ಹೇಳಿದ್ದಲ್ಲ.

ಮೋಟಾರು ಬಂತು, ಅಕ್ಕಿ ಬಂತು

1932ರಲ್ಲಿ ಪೈಕಾರಾ ವಿದ್ಯುತ್ತು ಬಂತು. 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿಯಿತು, 1937ರಲ್ಲಿ ಅಲ್ಲೂ ಕರೆಂಟು ತೆಗೆದರು. ಸ್ವಾತಂತ್ರ್ಯ ಬಂದ ಮೇಲೆ ಬಾವಿ ಬಾವಿಗೂ ಮೋಟಾರು ಬಂತು. ಕಪಿಲೆ ನಿಂತಿತು, ಚರ್ಮದ ಬಾನಿ ಬೇಡವಾಯಿತು. ಬಾನಿಯ ಜೊತೆ ಕಣದ ಕಾಳೂ ನಿಂತಿತು. ರೈತರಿಗೆ ನೀರು ಬಂದ ಹೊತ್ತಿಗೆ ನಮ್ಮೋರಿಗೆ ಕೂಲಿ ಹೋಯಿತು. ಆಗ ಎಷ್ಟೋ ಜನ ಸೇಲಂ, ಬೆಂಗಳೂರು ಕಡೆಗೆ ಪೌರಕಾರ್ಮಿಕ ಕೆಲಸಕ್ಕೆ, ಕಟ್ಟಡ ಕೆಲಸಕ್ಕೆ ಹೋದರು.

ಆ ಖಾಲಿ ಜಾಗಕ್ಕೆ ಬಂದದ್ದು ರೇಷನ್ ಅಕ್ಕಿ. 1967ರ ಚುನಾವಣೆಯಲ್ಲಿ ಅಣ್ಣಾದೊರೈ ಅವರು "ರೂಪಾಯಿಗೆ ಮೂರು ಪಡಿ ಅಕ್ಕಿ" ಅಂತ ಹೇಳಿ ಗೆದ್ದರು. ಒಂದು ಪಡಿ ಕೊಡೋಕೆ ಶುರು ಮಾಡಿದ್ದು ಚೆನ್ನೈ, ಕೊಯಮತ್ತೂರು ನಗರಗಳಲ್ಲಿ. ನಮ್ಮ ಹಳ್ಳಿಗೆ ಅದು ಬರಲಿಲ್ಲ. ಆದರೆ ಅಕ್ಕಿ ಅನ್ನೋದು ಹಕ್ಕು ಅನ್ನೋ ಮಾತು ಬಂತು. 1982ರಲ್ಲಿ ಎಂ.ಜಿ.ಆರ್. ಅವರ ಸತ್ತುಣವು, ಅಂದರೆ ಶಾಲೆಯ ಮಧ್ಯಾಹ್ನದ ಪೌಷ್ಟಿಕ ಊಟ ಬಂತು. 2008ರಲ್ಲಿ ಕಿಲೋಗೆ ಒಂದು ರೂಪಾಯಿ, 2011ರಿಂದ ರೇಷನ್ ಅಕ್ಕಿ ಪುಕ್ಕಟೆ.

ಈಗ ಕೆಲವರು "ಅಕ್ಕಿ ಬಂದು ನಮ್ಮ ರಾಗಿ ಹಾಳಾಯ್ತು" ಅಂತ ಭಾಷಣ ಮಾಡುತ್ತಾರೆ. ನಾನೂ ಕಾಲೇಜಲ್ಲಿ ಒಂದು ಸಲ ಹಾಗೇ ಮಾತಾಡಿದ್ದೆ. ಅಜ್ಜಿ ಕೇಳಿದಳು: "ಬೀಸಿದ್ದು ಯಾರು?" ಮಾರ್ಗಳಿ ಚಳಿಯಲ್ಲಿ ಕೋಳಿ ಕೂಗೋ ಮೊದಲೇ ಎದ್ದು ರಾಗಿಕಲ್ಲಿನ ಮುಂದೆ ಕೂತು, ಅಂಗೈಯಲ್ಲಿ ಬೊಬ್ಬೆ ಬರೋ ಹಾಗೆ ಬೀಸಿ, ಬೆಳಗಾದ ಮೇಲೆ ಹೊಲದ ಕೂಲಿಗೆ ಹೋದವಳು ಅವಳು. ಹಬ್ಬಕ್ಕೆ, ನೆಂಟರಿಗೆ, ಕಾಯಿಲೆಯವರಿಗೆ ಮಾತ್ರ ಅನ್ನ ಕಂಡವಳು. ರೇಷನ್ ಅಂಗಡಿಯಲ್ಲಿ ಎಲ್ಲರ ಜೊತೆ ಒಂದೇ ಸಾಲಲ್ಲಿ ನಿಂತು, ಎಲ್ಲರಿಗೂ ಹಾಕಿದ ಅದೇ ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದ ಅಕ್ಕಿಯನ್ನ ಅವಳು ಯಾವತ್ತೂ ಹಳಿಯೋದಿಲ್ಲ. ಕೊಳಗ ಯಜಮಾನರ ಕೈಯಿಂದ ಸರ್ಕಾರದ ತಕ್ಕಡಿಗೆ ಬಂದದ್ದು ನಮ್ಮ ಕೇರಿಯ ಚರಿತ್ರೆಯಲ್ಲಿ ಸಣ್ಣ ವಿಷಯ ಅಲ್ಲ. ನಾನು ಅಜ್ಜಿಯಿಂದ ಕಲಿತ ದೊಡ್ಡ ಪಾಠ ಇದು.

ಚಾ ಗ್ಲಾಸು, ಸುಟ್ಟ ಮನೆ

ಚಳಿಗೆ ಬಿಸಿ ಅಂದರೆ ಈಗ ಎಲ್ಲರಿಗೂ ಮೊದಲು ನೆನಪಾಗೋದು ಚಾ, ಕಾಫಿ. ನಮ್ಮ ಏರ್ಕಾಡು ಬೆಟ್ಟಕ್ಕೆ 1820ರ ದಶಕದಲ್ಲೇ ಸೇಲಂ ಕಲೆಕ್ಟರ್ ಕಾಕ್‌ಬರ್ನ್ ಕಾಫಿ ಗಿಡ ತಂದ. ತೋಟದಲ್ಲಿ ದುಡಿದೋರು ಬಡವರು, ಕುಡಿದೋರು ಬೇರೆ. ಊರೂರಿಗೆ ಚಾ ಅಂಗಡಿ ಬಂದ ಮೇಲೆ ನಮ್ಮ ತಾತಂದಿರಿಗೆ ತೆಂಗಿನ ಚಿಪ್ಪಲ್ಲಿ ಕೊಟ್ಟರು, ಆಮೇಲೆ ಬೇರೆ ಗ್ಲಾಸಲ್ಲಿ ಕೊಟ್ಟರು. ಕುಡಿದು, ತೊಳೆದು, ಹೊರಗಿನ ಗೂಡಲ್ಲಿ ಇಡಬೇಕು. 1955ರಲ್ಲಿ ಅಸ್ಪೃಶ್ಯತೆಯ ವಿರುದ್ಧ ಕಾಯ್ದೆ ಬಂತು, 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂತು. ನಾನು ಚಿಕ್ಕವನಿದ್ದಾಗಲೂ ಒಂದು ಅಂಗಡಿಯಲ್ಲಿ ಅಪ್ಪನಿಗೆ ಮಾತ್ರ ಪ್ಲಾಸ್ಟಿಕ್ ಕಪ್ಪು, ಪಕ್ಕದವರಿಗೆ ಗಾಜಿನ ಗ್ಲಾಸು ಕೊಟ್ಟದ್ದನ್ನ ನೋಡಿದ್ದೇನೆ. ಅಪ್ಪ ಕುಡಿಯದೆ ಕಾಸು ಇಟ್ಟು ಬಂದರು. ಚಾ ಬಿಸಿಯಾಗೇ ಇತ್ತು.

2012ರ ನವೆಂಬರ್ 7ರಂದು ನಮ್ಮ ಧರ್ಮಪುರಿ ಜಿಲ್ಲೆಯ ನತ್ತಂ, ಅಣ್ಣಾನಗರ, ಕೊಂಡಂಪಟ್ಟಿ ಕಾಲೊನಿಗಳಲ್ಲಿ ನಮ್ಮ ಜನರ 250ಕ್ಕೂ ಹೆಚ್ಚು ಮನೆಗಳಿಗೆ ನುಗ್ಗಿ ಲೂಟಿ ಮಾಡಿ ಬೆಂಕಿ ಇಟ್ಟರು. ಚಳಿಗಾಲ ಬಾಗಿಲಿಗೆ ಬಂದಿದ್ದ ಹೊತ್ತು. ಮನೆ ಸುಟ್ಟರೆ ಸರ್ಟಿಫಿಕೇಟು, ಒಡವೆ ಮಾತ್ರ ಹೋಗೋದಿಲ್ಲ. ಒಲೆ, ಮಡಕೆ, ವರ್ಷಕ್ಕೆ ಅಂತ ತುಂಬಿಟ್ಟ ಕಾಳೂ ಹೋಗುತ್ತದೆ. ಚಳಿಗಾಲದ ಊಟದ ಚರಿತ್ರೆ ಬರೆಯುವಾಗ ಆ ದಿನವನ್ನ ಬಿಟ್ಟು ಬರೆಯೋಕೆ ನನಗೆ ಆಗಲಿಲ್ಲ.

ಈಗ ರಾಗಿ ದೊಡ್ಡೋರದ್ದು

2023ನ್ನ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಸಾರಿತು. ಅದೇ ವರ್ಷ ತಮಿಳುನಾಡು ಸರ್ಕಾರ ಧರ್ಮಪುರಿ ಮತ್ತು ನೀಲಗಿರಿ ಜಿಲ್ಲೆಗಳ ರೇಷನ್ ಅಂಗಡಿಗಳಲ್ಲಿ 2 ಕಿಲೋ ಅಕ್ಕಿ ಬದಲು 2 ಕಿಲೋ ರಾಗಿ ಕೊಡೋಕೆ ಶುರು ಮಾಡಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ಡಾಕ್ಟರು ಶುಗರಿನವರಿಗೆ ರಾಗಿ ತಿನ್ನಿ ಅಂತಾರೆ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ರಾಗಿ ಬಿಸ್ಕತ್ತು, ರಾಗಿ ದೋಸೆ ಹಿಟ್ಟು ಬಣ್ಣದ ಪ್ಯಾಕೆಟ್ಟಲ್ಲಿ ಸಾಲಾಗಿ ಕೂತಿವೆ. ಚಳಿಗಾಲ ಬಂದರೆ ಅವರೆ ಮೇಳ ನಡೆಯುತ್ತದೆ, ಜನ ಕ್ಯೂ ನಿಂತು ಹಿತಕಿದಬೇಳೆ ಸಾರು ತಿನ್ನುತ್ತಾರೆ.

ಒಳ್ಳೇದೇ. ರೇಷನ್ನಿನ ಎರಡು ಕಿಲೋ ರಾಗಿಗೆ ಅಜ್ಜಿ ಖುಷಿಪಟ್ಟಳು. ಈಗ ಬೀಸೋಕೆ ಮಿಲ್ಲು ಇದೆ, ಅಳೆಯೋಕೆ ತಕ್ಕಡಿ ಇದೆ. ರಾಗಿ ಅವಳಿಗೆ ಮೊದಲ ಸಲ ಯಾರ ಹಂಗೂ ಇಲ್ಲದೆ ಸಿಕ್ಕಿದೆ. ಆದರೆ ದೊಡ್ಡೋರು ತಿಂದರೆ ಆರೋಗ್ಯ, ನಾವು ತಿಂದರೆ ಬಡತನ ಅನ್ನೋ ಮಾತು ಇನ್ನೂ ಹೋಗಿಲ್ಲ. ಅದು ಹೊರಗಿನವರ ಬಾಯಲ್ಲಿ ಇರೋದಕ್ಕಿಂತ ನಮ್ಮ ಮೀಟಿಂಗಿನಲ್ಲೇ ಇತ್ತು ಅನ್ನೋದು ನನಗೆ ಹೆಚ್ಚು ನೋವು ಮಾಡಿತು. ಸುಮ್ಮನೆ ಕೂತವರಲ್ಲಿ ನಾನೂ ಒಬ್ಬ.

ಕೊನೆಗೆ

ಮುಂದಿನ ಮೀಟಿಂಗಲ್ಲಿ ಅಜ್ಜಿಯ ಮಾತನ್ನ ಹೇಳಿದೆ. ಬಿರಿಯಾನಿ ಬೇಕು ಅಂದಿದ್ದ ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮವ್ವನೂ ಕಣ ಗುಡಿಸಿ ತಂದ ರಾಗೀಲೇ ನಮ್ಮನ್ನ ಸಾಕಿದ್ದು" ಅಂದರು. ಎರಡೂ ಮಾಡೋಣ ಅಂತ ತೀರ್ಮಾನ ಆಯಿತು. ಬಿರಿಯಾನಿಯೂ ನಮ್ಮದೇ, ಅದನ್ನ ಬಿಡಬೇಕಾಗಿಲ್ಲ. ಆದರೆ ಹಿಟ್ಟು ಮೂಲೆಯಲ್ಲಿ ಅಲ್ಲ, ಅದೇ ಪಂಕ್ತಿಯಲ್ಲಿ, ಬಂದ ಅತಿಥಿಗಳ ಎಲೆಗೂ ಬೀಳಬೇಕು. ಇನ್ನೊಂದು ಷರತ್ತು ಅಕ್ಕಂದಿರು ಹಾಕಿದರು: ಇಷ್ಟು ವರ್ಷ ಬೀಸಿ, ತೊಳಸಿದ್ದು ಹೆಂಗಸರು, ಈ ಸಲ ಕೋಲು ಹಿಡಿಯೋದು ಹುಡುಗರು. ನೀವು ಇದನ್ನ ಓದೋ ಹೊತ್ತಿಗೆ ನಾವು ತೊಳಸಿದ ಹಿಟ್ಟು ನಿಮ್ಮ ಎಲೆ ಮೇಲೆ ಇರಬಹುದು. ಗಂಟು ಸಿಕ್ಕರೆ ಕ್ಷಮಿಸಿ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಈ ಚಳಿಗಾಲ ಮುಗಿಯೋದರೊಳಗೆ ನಿಮ್ಮ ಮನೆಯ ಹಿರಿಯರ ಹತ್ತಿರ ಒಲೆ ಮುಂದೆ ಕೂತು ನಾಲ್ಕು ವಿಷಯ ಕೇಳಿ. ನೀವು ಚಿಕ್ಕವರಿದ್ದಾಗ ಚಳಿಗೆ ಏನು ತಿನ್ನುತ್ತಿದ್ದಿರಿ? ಆ ಕಾಳು ಯಾವ ಕೆಲಸಕ್ಕೆ ಕೂಲಿಯಾಗಿ ಬರ್ತಿತ್ತು? ಯಾವುದರಲ್ಲಿ ಅಳೆದರು? ಅಳೆದವರು ಯಾರು, ಬೀಸಿದವರು ಯಾರು? ಅವರು ಹೇಳಿದ್ದನ್ನ ಅವರ ಮಾತಲ್ಲೇ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ಕನ್ನಡ ಅಕ್ಷರ ಬರದಿದ್ದರೆ ತಮಿಳು ಅಕ್ಷರದಲ್ಲೇ ಬರೆಯಿರಿ. ಕಲೆಕ್ಟರುಗಳ ವರದಿಯಲ್ಲಿ ಹೊಲದ ಅಳತೆ ಇದೆ, ಕಂದಾಯದ ಅಳತೆ ಇದೆ, ಬರದ ಕೂಲಿಯ ಅಳತೆ ಇದೆ. ನಮ್ಮ ಅಜ್ಜಿಯರ ಮಡಕೆಯ ಅಳತೆ ಅವುಗಳಲ್ಲಿ ಇಲ್ಲ. ಅದನ್ನ ಬರೆಯಬೇಕಾದವರು ನಾವು.

ಜೈ ಭೀಮ್.